ಹಳೆಯ ಕಂಪ್ಯೂಟರಿನಲ್ಲಿ ಸಮಯ ತಪ್ಪುವುದೇಕೆ? ಶಾಲೆ, ವಾಚನಾಲಯಗಳಿಗೆ ಒಂದಿಷ್ಟು ಮಾಹಿತಿ

ಕಾಸರಗೋಡು: ಬೇಸಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗ ತೆಗೆದಾಗ ಹಳೆಯ ಯಂತ್ರಗಳಲ್ಲಿ ಒಂದೆರಡಾದರೂ ಹತ್ತಿಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸುವುದು ಹೊಸ ಸಂಗತಿಯಲ್ಲ. ಇಂಟರ್ನೆಟ್ ಸಂಪರ್ಕ ಸರಿಯಿದ್ದರೂ ಬ್ರೌಸರ್ ಯಾವ ತಾಣವನ್ನೂ ತೆರೆಯದೆ, ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಕೊಡುತ್ತದೆ. ವೈರಸ್ ಬಂದಿರಬೇಕು, ಸಾಫ್ಟ್‌ವೇರ್ ಕೆಟ್ಟಿರಬೇಕು, ಯಂತ್ರದ ಕಾಲವೇ ಮುಗಿಯಿತು ಎಂಬ ಮಾತುಗಳು ಬರುತ್ತವೆ. ಗ್ರಾಮದ ವಾಚನಾಲಯದಲ್ಲಿ, ಹಾಲಿನ ಸೊಸೈಟಿಯಲ್ಲಿ, ಮನೆಯಲ್ಲಿ ಮಕ್ಕಳಿಗೆಂದು ಉಳಿಸಿಕೊಂಡ ಯಂತ್ರದಲ್ಲಿಯೂ ಇದೇ ಕತೆ. ಆದರೆ ಬಹಳ ಸಲ ಕೆಟ್ಟಿರುವುದು ನಾಣ್ಯದ ಗಾತ್ರದ ಒಂದು ಬ್ಯಾಟರಿ ಮಾತ್ರ. ಗುಜರಿಗೆ ಹಾಕುವ ಮೊದಲು ಕಂಪ್ಯೂಟರ್ ಸಮಯವನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂದು ತಿಳಿದಿದ್ದರೆ ಎಷ್ಟೋ ಯಂತ್ರಗಳು ಉಳಿಯುತ್ತವೆ.

ಒಂದೇ ಪೆಟ್ಟಿಗೆ, ಎರಡು ಗಡಿಯಾರ

ಕಂಪ್ಯೂಟರಿನೊಳಗೆ ಇರುವುದು ಒಂದು ಗಡಿಯಾರವಲ್ಲ, ಎರಡು. ಮೊದಲನೆಯದು ಮದರ್‌ಬೋರ್ಡಿನ ಮೇಲಿರುವ ಆರ್‌ಟಿಸಿ, ಅಂದರೆ ಕರೆಂಟು ಇಲ್ಲದಾಗಲೂ ನಡೆಯುವ ಗಡಿಯಾರ. ಇದನ್ನು ನಡೆಸುವುದು ಸಿಆರ್2032 ಎಂಬ ಮೂರು ವೋಲ್ಟಿನ ಲಿಥಿಯಂ ಬಿಲ್ಲೆ. ಕೈಗಡಿಯಾರದಲ್ಲಿ ಇರುವಂತಹದೇ ಒಂದು ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ; ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಇದು, ಆದ್ದರಿಂದ ಅರ್ಧ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಸೆಕೆಂಡಿಗೆ ಬಂದು ನಿಲ್ಲುತ್ತದೆ. ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ಹೆಚ್ಚುಕಡಿಮೆಯಾದರೂ ತಿಂಗಳಿಗೆ ಐವತ್ತು ಸೆಕೆಂಡಿನಷ್ಟು ವ್ಯತ್ಯಾಸ ಬೀಳುತ್ತದೆ. ನಮ್ಮ ಸೆಕೆಗೂ ಈ ಸ್ಫಟಿಕಕ್ಕೂ ಆಗಿಬರುವುದಿಲ್ಲ: ಸುಮಾರು 25 ಡಿಗ್ರಿಯ ಆಚೆ ಈಚೆ ಹೋದಂತೆ ಅದು ನಿಧಾನವಾಗುತ್ತದೆ.

1981ರ ಮೊದಲ ಐಬಿಎಂ ಪಿಸಿಯಲ್ಲಿ ಈ ಸೌಕರ್ಯವೇ ಇರಲಿಲ್ಲ. ಪ್ರತಿ ಸಲ ಯಂತ್ರ ಹಚ್ಚಿದಾಗಲೂ ತಾರೀಕು, ಸಮಯಗಳನ್ನು ಕೈಯಾರೆ ಕೊಡಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೋಲಾದ ಎಂಸಿ146818 ಚಿಪ್ ಬಂದ ಮೇಲೆ ಬ್ಯಾಟರಿಯ ಗಡಿಯಾರ ಎಲ್ಲರ ಪಾಲಿಗೂ ಬಂತು. ಆ ಚಿಪ್ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆದಿಡುತ್ತಿತ್ತು. 2000ನೇ ಇಸವಿ ಹತ್ತಿರವಾದಾಗ ಎದ್ದ ವೈ2ಕೆ ಗದ್ದಲಕ್ಕೆ ಅದೂ ಒಂದು ಕಾರಣ. ಇಂದಿನ ಯಂತ್ರಗಳ ಆರ್‌ಟಿಸಿ ಕೂಡ ಆ ಚಿಪ್ಪಿನ ರೀತಿಯನ್ನೇ ಅನುಸರಿಸುತ್ತದೆ.

ಎರಡನೆಯ ಗಡಿಯಾರ ಆಪರೇಟಿಂಗ್ ಸಿಸ್ಟಂನದು. ಯಂತ್ರ ಶುರುವಾಗುವಾಗ ಒಮ್ಮೆ ಆರ್‌ಟಿಸಿಯನ್ನು ನೋಡಿ, ಆಮೇಲೆ ತನ್ನದೇ ಲೆಕ್ಕದಲ್ಲಿ ನಡೆಯುವ ಗಡಿಯಾರ ಅದು. ಪರದೆಯ ಮೂಲೆಯಲ್ಲಿ ಕಾಣುವುದು ಇದೇ. ಬ್ಯಾಟರಿ ಸತ್ತರೆ ಮೊದಲನೆಯದು ಕೆಡುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಸಮಯ ಹಿಂದೆ ಬೀಳುತ್ತಿದ್ದರೆ ತೊಂದರೆ ಎರಡನೆಯದರಲ್ಲಿ. ಈ ಎರಡನ್ನು ಬೇರೆ ಬೇರೆಯಾಗಿ ನೋಡದ ಕಾರಣವೇ ಹಲವು ರಿಪೇರಿಗಳು ದಾರಿ ತಪ್ಪುತ್ತವೆ.

ಟಿಕ್ ಎಣಿಸುವ ಕಾಲ

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಗಿ, ಮುಂದೆ ಅದು ಸ್ವತಂತ್ರ ತಂತ್ರಾಂಶದ ದಾರಿ ಹಿಡಿಯಿತು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕ ಭಾಗದ ಕನ್ನಡ ಮಾಧ್ಯಮದ ಮಕ್ಕಳೂ ಕನ್ನಡದಲ್ಲಿ ಅಚ್ಚಾದ ಐಸಿಟಿ ಪುಸ್ತಕ ಹಿಡಿದು ಲಿನಕ್ಸ್ ಮೇಲೆಯೇ ಪಾಠ ಕಲಿಯುತ್ತಾರೆ. ಲಿನಕ್ಸ್ ಸಮಯವನ್ನು ನೋಡಿಕೊಳ್ಳುವ ಕ್ರಮ ಹೇಗೆ ಬದಲಾಯಿತು ಎನ್ನುವುದು ಈ ಜಿಲ್ಲೆಗೆ ದೂರದ ವಿಷಯವಲ್ಲ.

ಹಿಂದಿನ ಕ್ರಮ ಸರಳವಾಗಿತ್ತು. ಇಂಟೆಲ್ 8253, ಆಮೇಲೆ 8254 ಎಂಬ ಟೈಮರ್ ಚಿಪ್ ಸೆಕೆಂಡಿಗೆ ಸುಮಾರು 11,93,182 ಮಿಡಿತಗಳ ವೇಗದಲ್ಲಿ ಎಣಿಸುತ್ತಾ, ಗೊತ್ತುಮಾಡಿದ ಲೆಕ್ಕ ಮುಗಿದಾಗಲೆಲ್ಲ ಪ್ರೊಸೆಸರನ್ನು ತಟ್ಟಿ ಕರೆಯುತ್ತಿತ್ತು. ಈ ತಟ್ಟುವಿಕೆಗೇ ಟಿಕ್ ಎಂದು ಹೆಸರು. ಡಾಸ್ ಕಾಲದಲ್ಲಿ ಸೆಕೆಂಡಿಗೆ 18.2 ಟಿಕ್, ಪಿಸಿಗಳ ಹಳೆಯ ಲಿನಕ್ಸಿನಲ್ಲಿ 100, 2003ರ ಕೊನೆಗೆ ಬಂದ 2.6 ಆವೃತ್ತಿಯಲ್ಲಿ 1000. ಅದು ಹೆಚ್ಚಾಯಿತೆಂದು 2005ರಲ್ಲಿ 250ಕ್ಕೆ ಇಳಿಸಿದರು. ಒಂದೊಂದು ಟಿಕ್‌ಗೂ ಗಡಿಯಾರವನ್ನು ಅಷ್ಟಷ್ಟು ಮುಂದೆ ತಳ್ಳುವುದು, ಲೆಕ್ಕ ಅಷ್ಟೇ. ದೇವಸ್ಥಾನದಲ್ಲಿ ಗಂಟೆ ಬಾರಿಸಿದಾಗಲೆಲ್ಲ ಗೋಡೆಯ ಮೇಲೆ ಒಂದು ಗೆರೆ ಎಳೆದು ಹೊತ್ತು ಲೆಕ್ಕ ಹಾಕಿದಂತೆ.

ಇದರ ಕೊರತೆಯೂ ಅಲ್ಲಿಯೇ ಇದೆ. ಗೆರೆ ಎಳೆಯುವವನು ಬೇರೆ ಕೆಲಸದಲ್ಲಿದ್ದರೆ ಒಂದು ಗಂಟೆ ಲೆಕ್ಕಕ್ಕೆ ಸಿಗುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕಿನಿಂದ ದೊಡ್ಡ ಕಡತ ಓದುತ್ತಿರುವಾಗ ಪ್ರೊಸೆಸರ್ ಟಿಕ್ ಕೇಳಿಸಿಕೊಳ್ಳದೆ ಹೋದರೆ ಆ ಸಮಯ ಕಳೆದೇ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಗಡಿಯಾರ ಹಿಂದೆ ಬಿದ್ದಿರುತ್ತಿತ್ತು. ಇನ್ನೊಂದು ನಷ್ಟ, ಯಾರೂ ಕೀಲಿಮಣೆ ಮುಟ್ಟದಿದ್ದರೂ ಸೆಕೆಂಡಿಗೆ ನೂರಾರು ಸಲ ಪ್ರೊಸೆಸರ್ ಎಚ್ಚರಗೊಳ್ಳಲೇಬೇಕಿತ್ತು. ಲ್ಯಾಪ್‌ಟಾಪ್ ಬ್ಯಾಟರಿ ಬೇಗ ಇಳಿಯಲು ಇದೂ ಕಾರಣ.

2006-07ರ ಬದಲಾವಣೆ

ಇದನ್ನು ಸರಿಪಡಿಸುವ ಕೆಲಸ ಮೂರು ಹಂತದಲ್ಲಿ ನಡೆಯಿತು. 2006ರ ಮಾರ್ಚ್‌ನ 2.6.16 ಆವೃತ್ತಿಯಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್ ಬರೆದ ಸೂಕ್ಷ್ಮ ಟೈಮರ್‌ಗಳು ಬಂದವು. ಅದೇ ವರ್ಷದ ಸೆಪ್ಟೆಂಬರ್‌ನ 2.6.18ರಲ್ಲಿ ಜಾನ್ ಸ್ಟಲ್ಟ್ಸ್ ರೂಪಿಸಿದ ಹೊಸ ಸಮಯ ವ್ಯವಸ್ಥೆ ಸೇರಿತು. 2007ರ ಏಪ್ರಿಲ್‌ನ 2.6.21ರಲ್ಲಿ ಕೆಲಸವಿಲ್ಲದಾಗ ಟಿಕ್ ನಿಲ್ಲಿಸುವ ಸೌಲಭ್ಯ ಬಂತು.

ತಿರುಳು ಇಷ್ಟೇ: ಎಷ್ಟು ಹೊತ್ತಾಯಿತು ಎಂದು ಓದುವ ಕೆಲಸವನ್ನೂ, ಇಂಥ ಹೊತ್ತಿಗೆ ಎಬ್ಬಿಸು ಎನ್ನುವ ಕೆಲಸವನ್ನೂ ಬೇರ್ಪಡಿಸಿದರು. ಮೊದಲನೆಯದಕ್ಕೆ ತಾನಾಗಿ ಓಡುತ್ತಲೇ ಇರುವ ಒಂದು ಎಣಿಕೆಗಾರ ಸಾಕು. ಬೇಕೆಂದಾಗ ನೋಡಿದರಾಯಿತು, ಒಂದು ಟಿಕ್ ತಪ್ಪಿದರೂ ಸಮಯ ತಪ್ಪುವುದಿಲ್ಲ. ಎರಡನೆಯದಕ್ಕೆ ಅಲಾರಂನಂತೆ ಒಂದೇ ಸಲ ಹೊಡೆಯುವ ಟೈಮರ್. ಅನೇಕ ಹಳೆಯ ಯಂತ್ರಗಳಿಗೆ ಇದು ಹೊಸ ಜೀವ ಕೊಟ್ಟಿತು ಎಂದರೆ ಅತಿಶಯವಲ್ಲ. ಇದಕ್ಕೆ ಹೊಸ ಬಿಡಿಭಾಗ ಏನೂ ಬೇಕಾಗಿರಲಿಲ್ಲ. ಇದ್ದ ಚಿಪ್‌ಗಳನ್ನೇ ಬೇರೆ ಕ್ರಮದಲ್ಲಿ ಬಳಸಿದ್ದು ಅಷ್ಟೇ.

ಎಣಿಕೆಗಾರರಲ್ಲಿ ಎಲ್ಲಕ್ಕಿಂತ ಚುರುಕಾದುದು 1993ರ ಪೆಂಟಿಯಂನಿಂದ ಪ್ರೊಸೆಸರಿನೊಳಗೇ ಬಂದ ಟಿಎಸ್‌ಸಿ. ಆದರೆ 2000ದ ದಶಕದ ಯಂತ್ರಗಳಲ್ಲಿ ಅದು ನಂಬಿಕಸ್ಥನಲ್ಲ. ವಿದ್ಯುತ್ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸಿದರೆ ಎಣಿಕೆಯೂ ತಗ್ಗುತ್ತಿತ್ತು. ಮೊದಮೊದಲಿನ ಕೆಲವು ಎರಡು ಕೋರ್‌ನ ಪ್ರೊಸೆಸರ್‌ಗಳಲ್ಲಿ ಒಂದು ಕೋರ್‌ನ ಲೆಕ್ಕಕ್ಕೂ ಇನ್ನೊಂದರದಕ್ಕೂ ತಾಳೆಯಾಗುತ್ತಿರಲಿಲ್ಲ. ಅದಕ್ಕಾಗಿ ಲಿನಕ್ಸ್ ಅಂತಹ ಯಂತ್ರಗಳಲ್ಲಿ ಅರ್ಧ ಸೆಕೆಂಡಿಗೊಮ್ಮೆ ಟಿಎಸ್‌ಸಿಯನ್ನು ಇನ್ನೊಂದು ಎಣಿಕೆಗಾರನ ಜತೆ ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ಅದನ್ನು ಕೈಬಿಟ್ಟು ಎಚ್‌ಪಿಇಟಿ ಅಥವಾ ಎಸಿಪಿಐ ಟೈಮರ್ ಹಿಡಿಯುತ್ತದೆ. ಯಂತ್ರ ಶುರುವಾಗುವಾಗ ಪರದೆಯಲ್ಲಿ ಹಾದುಹೋಗುವ ಸಾಲುಗಳ ನಡುವೆ ಟಿಎಸ್‌ಸಿ ಅಸ್ಥಿರ ಎಂಬ ಸೂಚನೆ ಕಂಡರೆ ಗಾಬರಿ ಬೇಡ. ಅದು ಯಂತ್ರ ಹಾಳಾದ ಸುದ್ದಿಯಲ್ಲ, ಸಿಸ್ಟಂ ತಾನೇ ದಾರಿ ಬದಲಿಸಿಕೊಂಡ ಸುದ್ದಿ.

ಐದೂವರೆ ಗಂಟೆಯ ತಕರಾರು

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡವರ ದೂರು ಬೇರೆ. ಬೆಳಗ್ಗೆ ಹತ್ತು ಗಂಟೆಗೆ ಲಿನಕ್ಸ್ ಮಧ್ಯಾಹ್ನ ಮೂರೂವರೆ ತೋರಿಸುತ್ತದೆ, ಅದನ್ನು ಸರಿಮಾಡಿ ವಿಂಡೋಸ್‌ಗೆ ಹೋದರೆ ಅಲ್ಲಿ ನಸುಕಿನ ನಾಲ್ಕೂವರೆ. ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ. ವಿಂಡೋಸ್ ಆರ್‌ಟಿಸಿಯಲ್ಲಿ ಸ್ಥಳೀಯ ಸಮಯ ಬರೆದಿಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿರುವುದು ಯುಟಿಸಿ, ಅಂದರೆ ಜಾಗತಿಕ ಸಮಯ ಎಂದು ಭಾವಿಸಿ ಐದೂವರೆ ಗಂಟೆ ಸೇರಿಸುತ್ತದೆ. ಲಿನಕ್ಸ್‌ಗೆ ಆರ್‌ಟಿಸಿಯಲ್ಲಿ ಸ್ಥಳೀಯ ಸಮಯವಿದೆ ಎಂದು ಒಮ್ಮೆ ಹೇಳಿಕೊಟ್ಟರೆ ತಕರಾರು ಮುಗಿಯಿತು. ಲಿನಕ್ಸ್ ಒಂದೇ ಇರುವ ಶಾಲೆಯ ಯಂತ್ರದಲ್ಲಿ ಮಾತ್ರ ಯುಟಿಸಿಯಾಗಿಯೇ ಬಿಡುವುದು ಮೇಲು.

ಅಂದಹಾಗೆ, ಈ ಐದೂವರೆ ಗಂಟೆ ಕೂಡ ಕಾಸರಗೋಡಿನ ಸ್ವಂತ ಸಮಯವೇನಲ್ಲ. ಭಾರತೀಯ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ನಾವಿರುವುದು 75 ಡಿಗ್ರಿಯಲ್ಲಿ. ಸೂರ್ಯ ಇಲ್ಲಿ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ ಹನ್ನೆರಡೂವರೆ.

ಬ್ಯಾಟರಿ ಸತ್ತರೆ ಏನಾಗುತ್ತದೆ, ಏನು ಮಾಡಬೇಕು

ಇಂದಿನ ಬಹುತೇಕ ತಾಣಗಳು ಒಂದು ದಿನಾಂಕದಿಂದ ಇನ್ನೊಂದು ದಿನಾಂಕದವರೆಗೆ ಮಾತ್ರ ಸಲ್ಲುವ ಡಿಜಿಟಲ್ ಪ್ರಮಾಣಪತ್ರ ಹೊಂದಿರುತ್ತವೆ. ಕಂಪ್ಯೂಟರಿನ ಇಸವಿ 2005 ಎಂದಿದ್ದರೆ, ಅದರ ಕಣ್ಣಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಪೋಷಕರು ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೊನೆಯ ದಿನ ಬಂದು ಕುಳಿತಾಗ ತಾಣ ತೆರೆಯದಿದ್ದರೆ ನಷ್ಟ ಸಣ್ಣದಲ್ಲ. ಸೊಸೈಟಿಯ ರಸೀದಿಯಲ್ಲಿ ತಪ್ಪು ತಾರೀಕು ಅಚ್ಚಾದರೆ ಆಡಿಟ್ ಹೊತ್ತಿಗೆ ಉತ್ತರ ಕೊಡಬೇಕಾಗುತ್ತದೆ.

ಹೊಸ ಲಿನಕ್ಸ್‌ಗಳಲ್ಲಿ ಇದಕ್ಕೊಂದು ಉಪಾಯವಿದೆ. ಕೊನೆಯ ಸಲ ತಿಳಿದಿದ್ದ ಸಮಯವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಆರ್‌ಟಿಸಿ ಅದಕ್ಕಿಂತ ಹಿಂದಿನ ದಿನ ಹೇಳಿದರೆ ಒಪ್ಪದೆ, ಬರೆದಿಟ್ಟ ಸಮಯದಿಂದ ಹೊರಡುತ್ತವೆ. ಆಮೇಲೆ ಇಂಟರ್ನೆಟ್ ಸಿಕ್ಕೊಡನೆ ಎನ್‌ಟಿಪಿ ಮೂಲಕ ಸರಿ ಸಮಯ ಪಡೆಯುತ್ತವೆ. ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ವ್ಯವಸ್ಥೆ ಇದು. ಭಾರತದಲ್ಲಿ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ರಾಸ್‌ಬೆರಿ ಪೈ ಹಲಗೆಗಳಲ್ಲಿ 2023ರ ಐದನೇ ಮಾದರಿಯವರೆಗೆ ಆರ್‌ಟಿಸಿಯೇ ಇರಲಿಲ್ಲ. ಅವು ನಡೆದದ್ದು ಇದೇ ಉಪಾಯದ ಮೇಲೆ.

ಆದರೂ ಇಂಟರ್ನೆಟ್ ಇಲ್ಲದ ಕಡೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಉಪಾಯ ನಂಬಿ ಕೂರುವಂತಿಲ್ಲ. ವೈರು ಪೂರ್ತಿ ಕಳಚಿ, ಬಿಲ್ಲೆ ತೆಗೆದು, ಅಂಗಡಿಯಲ್ಲಿ ಸಿಗುವ ಸಿಆರ್2032 ಹಾಕಬೇಕು. ಬರಹವಿರುವ ಬದಿ ಮೇಲಕ್ಕೆ. ನಂತರ ಬಯೋಸ್‌ಗೆ ಹೋಗಿ ದಿನಾಂಕ ಕೊಡಬೇಕು. ಅಲ್ಲಿನ ಬೇರೆ ಸೆಟ್ಟಿಂಗ್‌ಗಳೂ ಅಳಿಸಿ ಹೋಗಿರಬಹುದು, ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಹಳೆಯ ಬಿಲ್ಲೆ ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ.

2038ರ ಜನವರಿ 19

ಬಿಲ್ಲೆ ಬದಲಿಸಿದರೂ ಹೋಗದ ಒಂದು ಗಡುವು ಉಳಿದಿದೆ. ಯುನಿಕ್ಸ್ ಪರಂಪರೆಯ ಸಿಸ್ಟಂಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ. 32 ಬಿಟ್‌ನ ಡಬ್ಬಿಯಲ್ಲಿ ಹಿಡಿಯುವುದು 214 ಕೋಟಿ ಚಿಲ್ಲರೆ ಸೆಕೆಂಡು. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಲೆಕ್ಕ 1901ರ ಡಿಸೆಂಬರ್‌ಗೆ ಜಿಗಿಯುತ್ತದೆ.

64 ಬಿಟ್ ಸಿಸ್ಟಂ ಹಾಕಿದ ಯಂತ್ರಕ್ಕೆ ಈ ಭಯ ಹೆಚ್ಚಿಲ್ಲ. 32 ಬಿಟ್‌ನವಕ್ಕಾಗಿ ಆರ್ಂಡ್ ಬರ್ಗ್‌ಮನ್ ಮೊದಲಾದವರು ವರ್ಷಗಟ್ಟಲೆ ದುಡಿದು, 2020ರ ಮಾರ್ಚ್‌ನ ಲಿನಕ್ಸ್ 5.6ರಲ್ಲಿ ಒಳಗಿನ ತಿರುಳನ್ನು ಸಿದ್ಧಪಡಿಸಿದರು. ಆದರೆ ಅದರ ಮೇಲೆ ಓಡುವ ತಂತ್ರಾಂಶಗಳೂ ಬದಲಾಗಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ತನ್ನ 32 ಬಿಟ್ ಎಆರ್‌ಎಂ ಆವೃತ್ತಿಗೆ 64 ಬಿಟ್ ಸಮಯ ಕೊಟ್ಟಿತು. ಹಳೆಯ ಪಿಸಿಗಳ ಐ386 ಆವೃತ್ತಿಗೆ ಕೊಡಲಿಲ್ಲ, ಅದಕ್ಕೆ ಇನ್‌ಸ್ಟಾಲರ್ ಕೂಡ ಇಲ್ಲ. ಹಳೆಯ ತಂತ್ರಾಂಶಗಳು ಓಡಲಿ ಎಂದಷ್ಟೇ ಅದನ್ನು ಉಳಿಸಿಕೊಂಡಿದ್ದಾರೆ. ಟಿಎಸ್‌ಸಿ ಇಲ್ಲದ 486 ಪ್ರೊಸೆಸರ್‌ಗಳನ್ನೇ ಕೈಬಿಡುವ ಪ್ರಸ್ತಾಪ ಲಿನಕ್ಸ್‌ನಲ್ಲಿ 2025ರಲ್ಲಿ ಬಂತು. ಹಳೆಯದನ್ನು ಬಹಳ ಕಾಲ ಹೊತ್ತು ನಡೆಸಿದವರೂ ಈಗ ಭಾರ ಇಳಿಸುತ್ತಿದ್ದಾರೆ.

ಹಳೆಯ ಯಂತ್ರ ಉಳಿಸಿಕೊಳ್ಳುವವರು ಮೊದಲು ನೋಡಬೇಕಾದ್ದು ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ ಎಂದು. ಕೋರ್ 2 ಡ್ಯುಯೋ, ಅಥ್ಲಾನ್ 64 ಹೌದು. ಪೆಂಟಿಯಂ 3 ಮತ್ತು ಪೆಂಟಿಯಂ 4ರ ಮೊದಲ ಮಾದರಿಗಳು ಅಲ್ಲ. 64 ಬಿಟ್ ಪ್ರೊಸೆಸರ್ ಮೇಲೆ 32 ಬಿಟ್ ಸಿಸ್ಟಂ ಹಾಕಿರುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ; ಮೆಮೊರಿ ಎರಡು ಜಿಬಿಯಷ್ಟಿದ್ದರೆ ಹಗುರವಾದ ಒಂದು 64 ಬಿಟ್ ಲಿನಕ್ಸ್ ಹಾಕಬಹುದು. ಆಗ ಡಿಸ್ಕನ್ನು ಇಎಕ್ಸ್‌ಟಿ4 ಕ್ರಮದಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಇಎಕ್ಸ್‌ಟಿ3 ಡಿಸ್ಕಿನಲ್ಲಿ ಕಡತದ ತಾರೀಕು 2038ಕ್ಕೇ ನಿಲ್ಲುತ್ತದೆ, ಇಎಕ್ಸ್‌ಟಿ4ರ ಸಾಮಾನ್ಯ ಫಾರ್ಮ್ಯಾಟ್‌ನಲ್ಲಿ 2446ರವರೆಗೆ ಹೋಗುತ್ತದೆ. ಫಾರ್ಮ್ಯಾಟ್ ಮಾಡುವ ಮೊದಲು ಮಕ್ಕಳ ಕೆಲಸ, ಲೆಕ್ಕಪತ್ರಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು.