ಸೂಜಿ ಅಲುಗದ ಹಾಗೆ

ಎಪ್ಪತ್ತರ ದಶಕದಲ್ಲಿ ನಾನು ನರ್ಸಿಂಗ್ ಕಲಿಯುತ್ತಿದ್ದಾಗ ವಾರ್ಡಿನ ಕಪಾಟಿನಲ್ಲಿ ಹತ್ತಿ ಇಟ್ಟು ಬ್ಯಾಂಡೇಜ್ ಸುತ್ತಿದ ಮರದ ಹಲಗೆಗಳಿರುತ್ತಿದ್ದವು. ಗ್ಲೂಕೋಸ್ ಹಾಕಿದ ಕೂಡಲೇ ರೋಗಿಯ ಕೈಯನ್ನು ಅಂಗೈಯಿಂದ ಮೊಣಕೈವರೆಗೆ ಅದಕ್ಕೆ ಕಟ್ಟುತ್ತಿದ್ದೆವು. ಆಗ ರಕ್ತನಾಳದೊಳಗೆ ಉಳಿಯುತ್ತಿದ್ದದ್ದು ಉಕ್ಕಿನ ಸೂಜಿಯೇ. ಬಾಟಲಿ ಖಾಲಿಯಾಗುವ ತನಕ ಅದರ ಮೊನೆ ಒಳಗೇ ಇರಬೇಕು. ರೋಗಿ ನಿದ್ದೆಗಣ್ಣಲ್ಲಿ ಮಗ್ಗುಲಾದರೆ ಸಾಕು, ಮೊನೆ ನಾಳದ ಗೋಡೆ ತೂರಿಬಿಡುತ್ತಿತ್ತು. ನೀರು ಚರ್ಮದಡಿ ಸೇರಿ ಕೈ ಊದಿಕೊಳ್ಳುತ್ತಿತ್ತು. ಮತ್ತೆ ಬೇರೆ ಕಡೆ ಚುಚ್ಚಬೇಕು. ಭೇದಿಯಿಂದ ಒಣಗಿದ ಮಕ್ಕಳಿಗಂತೂ ಚುಚ್ಚಲು ಇನ್ನೊಂದು ಜಾಗವೇ ಉಳಿದಿರುತ್ತಿರಲಿಲ್ಲ.

ಡ್ರಿಪ್ಪಿನ ಚರಿತ್ರೆ ಬರೆಯುವವರು ದ್ರಾವಣದ ಬಗ್ಗೆ, ಸಿರಿಂಜಿನ ಬಗ್ಗೆ, ಕಂಡುಹಿಡಿದವರ ಬಗ್ಗೆ ಬರೆಯುತ್ತಾರೆ. ನಾನು ಅದನ್ನು ಓದುವುದು ಬೇರೆ ಪ್ರಶ್ನೆ ಇಟ್ಟುಕೊಂಡು: ಸೂಜಿ ಅಲುಗದಂತೆ ನೋಡಿಕೊಳ್ಳುವ ಹೊಣೆ ಯಾವ ಕಾಲದಲ್ಲಿ ಯಾರದಾಗಿತ್ತು?

1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಕಾಲರಾ. ಹಿಂದಿನ ವರ್ಷವಷ್ಟೇ ಓಷಾಗ್ನೆಸಿ ಎಂಬ ಯುವ ವೈದ್ಯ ಕಾಲರಾ ರೋಗಿಗಳ ರಕ್ತದಲ್ಲಿ ನೀರು, ಉಪ್ಪು ಕಡಿಮೆಯಾಗಿರುವುದನ್ನು ತೋರಿಸಿದ್ದ. ಲೀತ್‌ನ ವೈದ್ಯ ಥಾಮಸ್ ಲಾಟಾ ಆ ಕೊರತೆಯನ್ನು ರಕ್ತನಾಳದ ಮೂಲಕವೇ ತುಂಬಿ ನೋಡಿದ. ಸಾವಿನಂಚಿನಲ್ಲಿದ್ದ ವಯಸ್ಸಾದ ಹೆಂಗಸಿನ ತೋಳಿನ ರಕ್ತನಾಳಕ್ಕೆ ಸಣ್ಣ ಬೆಳ್ಳಿ ಕೊಳವೆ ಇಟ್ಟು, ಸಿರಿಂಜಿನಿಂದ ಆರು ಪಿಂಟ್ ಉಪ್ಪುನೀರು, ಎಂದರೆ ಮೂರು ಲೀಟರಿಗೂ ಮಿಕ್ಕಿ, ಒಳಗೆ ಬಿಟ್ಟ. ಅವಳು ಚೇತರಿಸಿಕೊಂಡಳು. ಆತ ಅತ್ತ ಹೋದ ಮೇಲೆ ಮತ್ತೆ ಭೇದಿ ಹತ್ತಿ, ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಲಾಟಾ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತೊಂದಿದೆ. ರಕ್ತನಾಳವನ್ನು ಬಹಳ ನಾಜೂಕಾಗಿ ನಡೆಸಿಕೊಳ್ಳಬೇಕು, ಇಲ್ಲವಾದರೆ ಅದು ಉರಿಯೂತಕ್ಕೆ ಒಳಗಾಗುತ್ತದೆ ಎಂದು ಆತ ಎಚ್ಚರಿಸುತ್ತಾನೆ. ಕಾಲರಾದ ಆ ಗದ್ದಲದಲ್ಲೂ ಆತನಿಗೆ ನಾಳದ ಮೇಲೆ ಕರುಣೆ ಇತ್ತು. ಮುಂದಿನ ವರ್ಷ ಆತನೇ ತೀರಿಕೊಂಡ. ಆ ಚಿಕಿತ್ಸೆಯೂ ಬಹುಕಾಲ ಮೂಲೆ ಸೇರಿತು.

1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಪ್ರವಾಜ್ ಇಬ್ಬರೂ ಬೇರೆಬೇರೆಯಾಗಿ ಪೊಳ್ಳು ಸೂಜಿಯನ್ನೂ ಸಿರಿಂಜನ್ನೂ ಕೂಡಿಸಿದರು. ಆದರೆ ಗಂಟೆಗಟ್ಟಲೆ ಡ್ರಿಪ್ ಓಡಬೇಕಾದಾಗ ಸೂಜಿಯನ್ನು ನಂಬುವಂತಿರಲಿಲ್ಲ. ನಾಳ ಸಿಗದೇ ಹೋದರೆ ಕಟ್‌ಡೌನ್: ಕಾಲಿನ ಹರಡಿನ ಬಳಿ ಚರ್ಮ ಕೊಯ್ದು, ನಾಳ ಬಿಡಿಸಿ, ಕೊಳವೆ ತೂರಿಸಿ, ದಾರದಿಂದ ಬಿಗಿಯುವುದು. ಅಲ್ಲಿ ಹಿಡಿತವೆಲ್ಲ ದಾರದ್ದು. ಆ ನಾಳ ಮತ್ತೆ ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೂ ಎಷ್ಟೋ ಕಾಲ ಇದು ನಡೆಯುತ್ತಿತ್ತು.

1950ರಲ್ಲಿ ಅಮೆರಿಕದ ರಾಚೆಸ್ಟರ್ ಊರಿನ ಮೇಯೊ ಕ್ಲಿನಿಕ್‌ನಲ್ಲಿ ಡೇವಿಡ್ ಮಾಸಾ ಮತ್ತು ಸಂಗಡಿಗರು ಹೊಸದೊಂದು ಸೂಜಿಯ ಬಗ್ಗೆ ಬರೆದರು. ಉಕ್ಕಿನ ಸೂಜಿಯ ಮೇಲೆ ತೆಳು ಪ್ಲಾಸ್ಟಿಕ್ ಕೊಳವೆ, ಕತ್ತಿಗೆ ಒರೆ ಹಾಕಿದ ಹಾಗೆ. ಚುಚ್ಚುವುದು ಉಕ್ಕು, ಒಳಗೆ ಉಳಿಯುವುದು ಪ್ಲಾಸ್ಟಿಕ್. ಇಂದು ಎಲ್ಲ ಆಸ್ಪತ್ರೆಗಳಲ್ಲಿರುವ ಕ್ಯಾನುಲಾ, ನಾವು ವೆನ್‌ಫ್ಲಾನ್ ಎಂದು ಕರೆಯುವುದು, ಇದೇ ವಂಶದ್ದು.

ಇದು ನಮ್ಮ ವಾರ್ಡಿಗೂ ಬಂದ ಮೇಲೆ ರೋಗಿಗೆ ಬಿಡುಗಡೆ ಸಿಕ್ಕಿತು. ಹಲಗೆಯ ಹಂಗಿಲ್ಲದೆ ಆತ ಮಗ್ಗುಲಾಗಬಹುದು, ಊಟ ಮಾಡಬಹುದು. ಆದರೆ ಹೊಣೆ ಮಾಯವಾಗಲಿಲ್ಲ, ನಮ್ಮ ಕೈಗೆ ಬಂತು. ಮೊದಲು ರೋಗಿ ಗಂಟೆಗಟ್ಟಲೆ ಅಲುಗದೆ ಮಲಗಬೇಕಿತ್ತು; ಈಗ ಚುಚ್ಚುವವರ ಕೈ ಕೆಲವು ಕ್ಷಣ ಅಲುಗಬಾರದು.

ಆ ಕ್ಷಣಗಳು ಯಾವುವೆಂದರೆ, ಸೂಜಿಯ ಹಿಂದಿನ ಪಾರದರ್ಶಕ ಕೋಣೆಯಲ್ಲಿ ರಕ್ತ ಕಂಡ ಮೇಲಿನವು. ಹೊಸಬರು ರಕ್ತ ಕಂಡೊಡನೆ ನಿಟ್ಟುಸಿರು ಬಿಡುತ್ತಾರೆ, ಕೈ ಸಡಿಲಾಗುತ್ತದೆ. ಆದರೆ ಉಕ್ಕಿನ ಮೊನೆ ಪ್ಲಾಸ್ಟಿಕ್ಕಿನ ತುದಿಗಿಂತ ಕೂದಲೆಳೆಯಷ್ಟು ಮುಂದಿರುತ್ತದೆ. ಮೊನೆ ಒಳಗೆ ಹೋಗಿದೆ, ಪ್ಲಾಸ್ಟಿಕ್ ಇನ್ನೂ ಗೋಡೆಯ ಹೊರಗಿದೆ. ಆಗ ಸೂಜಿಯನ್ನು ಚರ್ಮಕ್ಕೆ ಇನ್ನಷ್ಟು ಒರಗಿಸಿ, ಎಳ್ಳಷ್ಟು ಮುಂದೆ ಸರಿಸಿ, ಆಮೇಲೆ ಸೂಜಿಯನ್ನು ಇದ್ದಲ್ಲೇ ಹಿಡಿದು ಪ್ಲಾಸ್ಟಿಕ್ಕನ್ನು ಮಾತ್ರ ಒಳಗೆ ಜಾರಿಸಬೇಕು. ಒಮ್ಮೆ ಹಿಂದೆಳೆದ ಸೂಜಿಯನ್ನು ಮತ್ತೆ ಒಳಗೆ ತಳ್ಳಲೇಬಾರದು. ಕೊಳವೆ ಸೀಳಿ ಚೂರು ನಾಳದಲ್ಲೇ ಉಳಿಯುವ ಅಪಾಯವಿದೆ.

ಇಷ್ಟು ಹೊತ್ತೂ ಎಡಗೈ ಸುಮ್ಮನಿರುವುದಿಲ್ಲ. ಹೆಬ್ಬೆರಳು ಚುಚ್ಚುವ ಜಾಗದ ಕೆಳಗೆ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಮುದುಕರ ಕೈಮೇಲಿನ ನಾಳಗಳು ದಪ್ಪಗೆ ಕಂಡರೂ ಸೂಜಿ ತಾಗಿದೊಡನೆ ಪಕ್ಕಕ್ಕೆ ಉರುಳುತ್ತವೆ. "ನರ ಸಿಗ್ತಿಲ್ಲ ಸಿಸ್ಟರ್" ಎಂದು ಹುಡುಗಿಯರು ಓಡಿಬರುವುದು ಹೆಚ್ಚಾಗಿ ಎಡಗೈ ಸಡಿಲಾದಾಗಲೇ. ಬಲಗೈಯ ಕಿರುಬೆರಳು ರೋಗಿಯ ಕೈಮೇಲೆ ಊರಿರಬೇಕು. ರೋಗಿ ಬೆಚ್ಚಿದರೆ ಇಬ್ಬರ ಕೈಯೂ ಒಟ್ಟಿಗೆ ಅಲುಗುತ್ತದೆ, ಆಗ ಮೊನೆ ತಪ್ಪುವುದಿಲ್ಲ. ಗಾಳಿಯಲ್ಲಿ ತೇಲುವ ಕೈ ಎಷ್ಟೇ ಗಟ್ಟಿಯಾಗಿದ್ದರೂ ನನಗೆ ನಂಬಿಕೆಯಿಲ್ಲ.

ಇದನ್ನು ನನಗೆ ಕಲಿಸಿದವರು ಕೇರಳದಿಂದ ಬಂದಿದ್ದ ಹಿರಿಯ ಸಿಸ್ಟರ್. ಅವರು ವಿವರಿಸುತ್ತಿರಲಿಲ್ಲ, ನನ್ನ ಬೆರಳನ್ನು ಹಿಡಿದು ರೋಗಿಯ ಮಣಿಕಟ್ಟಿನ ಮೇಲೆ ಒತ್ತಿ ಇಡುತ್ತಿದ್ದರು. ಅವರಿಗೆ ಕಲಿಸಿದವರು ಯಾರೋ. ಮಾಸಾ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಉಳಿಯಲೇಬೇಕು. ಕಿರುಬೆರಳು ಊರಲು ಮೊದಲು ಹೇಳಿಕೊಟ್ಟವರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಕೇಸ್ ಶೀಟಿನಲ್ಲಿ ದ್ರಾವಣದ ಹೆಸರು, ಹಾಕಿದ ಸಮಯ, ಕ್ಯಾನುಲಾದ ಗೇಜು (ದಪ್ಪದ ಅಳತೆ) ಬರೆಯಲು ಜಾಗವಿದೆ. ಹದಿನೆಂಟರದ್ದು ಹಸಿರು, ಇಪ್ಪತ್ತರದ್ದು ಗುಲಾಬಿ, ಇಪ್ಪತ್ತೆರಡರದ್ದು ನೀಲಿ ಎಂದು ಬಣ್ಣದಲ್ಲೇ ಗುರುತು ಸಿಗುತ್ತದೆ. ಕೈ ಹೇಗಿತ್ತು ಎಂಬುದು ಎಲ್ಲೂ ದಾಖಲಾಗುವುದಿಲ್ಲ.

ಈಗಿನ ವಿದ್ಯಾರ್ಥಿನಿಯರು ಮೊದಲು ರಬ್ಬರಿನ ತೋಳಿನ ಮೇಲೆ ಅಭ್ಯಾಸ ಮಾಡುತ್ತಾರೆ. ಅದು ಒಳ್ಳೆಯದೇ, ರೋಗಿಗೆ ನೋವು ಕಡಿಮೆ. ಆದರೆ ಆ ತೋಳು ಬೆಚ್ಚುವುದಿಲ್ಲ. ಅದಕ್ಕೇ ಅವರು ವಾರ್ಡಿಗೆ ಬರುವ ಮುಂಚೆ ನನ್ನ ಕೈ ಚಾಚುತ್ತೇನೆ. ಸೂಜಿ ಬೇಡ, ಮುಚ್ಚಳ ಹಾಕಿದ ಪೆನ್ನು ಸಾಕು. ನಡುವೆ ನಾನು ಬೇಕೆಂದೇ ಕೈ ಎಳೆಯುತ್ತೇನೆ. ಪೆನ್ನು ನನ್ನ ಕೈ ಜೊತೆಗೇ ಬಂದರೆ ಮಾತ್ರ ಅವರನ್ನು ಮಂಚದ ಬಳಿಗೆ ಕಳಿಸುತ್ತೇನೆ.