ಹೆಸರು ಮತ್ತು ಶಸ್ತ್ರಕ್ರಿಯೆ: ದವಡೆಯ ಒಂದು ವಿರಳ ಗಂತಿಯ ರೋಗನಿದಾನದ ಇತಿಹಾಸ

ಹಲ್ಲನ್ನು ರೂಪಿಸುವ ಅಂಗಾಂಶದ ಅವಶೇಷಗಳು ದವಡೆಯ ಎಲುಬಿನೊಳಗೆ ಉಳಿದುಕೊಳ್ಳುವುದುಂಟು. ಹಲ್ಲಿನ ಬೇರಿನ ಸುತ್ತ ಕಾಣುವ ಇಂತಹ ಅವಶೇಷಗಳನ್ನು ಫ್ರಾನ್ಸಿನ ಲೂಯಿ ಮಲಾಸೆ 1885ರಲ್ಲಿ ವಿವರಿಸಿದರು. ಹಲ್ಲಿನ ಮೂಲದ ಗಂತಿಗಳಲ್ಲಿ ಬಹು ಪರಿಚಿತವಾದದ್ದು ಅಮೆಲೊಬ್ಲಾಸ್ಟೋಮಾ. ಅದು ಕ್ಯಾನ್ಸರ್ ಅಲ್ಲ. ಆದರೂ ಎಲುಬಿನ ಸಂದುಗಳೊಳಗೆ ನುಸುಳುತ್ತದೆ, ಕೆರೆದು ತೆಗೆದರೆ ಮರುಕಳಿಸುತ್ತದೆ. ಆದುದರಿಂದ ಸುತ್ತಲಿನ ಆರೋಗ್ಯವಂತ ಎಲುಬನ್ನೂ ಸೇರಿಸಿ ಕತ್ತರಿಸುವ ಪದ್ಧತಿ ಬೆಳೆಯಿತು.

ಈ ಪದ್ಧತಿಯ ನೆರಳು ಅದಕ್ಕೆ ಪಾತ್ರವಲ್ಲದ ಇನ್ನೊಂದು ಗಂತಿಯ ಮೇಲೂ ಬಿದ್ದಿತು. ಅದು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚಾಗಿ, ಮೇಲ್ದವಡೆಯ ಮುಂಭಾಗದಲ್ಲಿ ಹುಟ್ಟದೆ ಉಳಿದ ಕೋರೆಹಲ್ಲನ್ನು ಸುತ್ತುವರಿದು, ನೋವಿಲ್ಲದೆ ಮೆಲ್ಲನೆ ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನಾಳಗಳಂತೆ ತೋರುವ ದುಂಡು ರಚನೆಗಳು ಕಾಣುತ್ತವೆ. ಗ್ರಂಥಿಯ ನಾಳಗಳನ್ನು ಹೋಲುತ್ತವೆಯಷ್ಟೇ, ನಿಜವಾದ ನಾಳಗಳಲ್ಲ. 1948ರಲ್ಲಿಯೇ ಸ್ಟಾಫ್ನಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದ್ದರು. ಆದರೆ 1950ರಲ್ಲಿ ಬರ್ನಿಯರ್ ಮತ್ತು ಟೀಕೆ ಬಳಕೆಗೆ ತಂದ ‘ಅಡಿನೊಅಮೆಲೊಬ್ಲಾಸ್ಟೋಮಾ’ ಎಂಬ ಹೆಸರೇ ನೆಲೆಯೂರಿತು. ಹೆಸರಿನೊಳಗೆ ಅಮೆಲೊಬ್ಲಾಸ್ಟೋಮಾ ಇದ್ದುದರಿಂದ ಚಿಕಿತ್ಸೆಯೂ ಅದರದೇ ಆಗುವ ಅಪಾಯ ಒದಗಿತು. ದಪ್ಪ ಕವಚವುಳ್ಳ, ಸುಲಭವಾಗಿ ಬಿಡಿಸಿ ತೆಗೆಯಬಹುದಾದ, ತೆಗೆದ ಮೇಲೆ ಮರುಕಳಿಸುವುದು ತೀರ ಅಪರೂಪವಾದ ಗಂತಿಗಾಗಿ ಎಳೆಯರು ದವಡೆಯ ಭಾಗವನ್ನೇ ಕಳೆದುಕೊಳ್ಳಬೇಕಾಯಿತು. ರೋಗಕ್ಕಿಂತ ಹೆಸರೇ ಹೆಚ್ಚು ಹಾನಿ ಮಾಡಿತೆಂದರೆ ಅತಿಶಯೋಕ್ತಿಯಾಗದು.

1969ರಲ್ಲಿ ಡೆನ್ಮಾರ್ಕಿನ ಫಿಲಿಪ್ಸನ್ ಮತ್ತು ಬಿರ್ನ್ ಅಮೆಲೊಬ್ಲಾಸ್ಟೋಮಾ ಪದವನ್ನೇ ಕೈಬಿಟ್ಟು ‘ಅಡಿನೊಮಟಾಯ್ಡ್ ಒಡೊಂಟೊಜೆನಿಕ್ ಟ್ಯೂಮರ್’ ಎಂಬ ಹೆಸರನ್ನು ಸೂಚಿಸಿದರು. ಅರ್ಥ, ಗ್ರಂಥಿಯನ್ನು ಹೋಲುವ ಹಲ್ಲಿನ ಮೂಲದ ಗಂತಿ. ವಿಶ್ವ ಆರೋಗ್ಯ ಸಂಸ್ಥೆಯ 1971ರ ವರ್ಗೀಕರಣ ಇದನ್ನು ಸ್ವೀಕರಿಸಿತು. ಆ ವರ್ಗೀಕರಣದ ಕರ್ತೃಗಳಲ್ಲಿ ಮೊದಲಿಗರಾದ ಯೆನ್ಸ್ ಪಿಂಡ್‌ಬೋರ್ಗ್ ಕನ್ನಡನಾಡಿಗೆ ಅಪರಿಚಿತರಲ್ಲ. ಬೆಂಗಳೂರಿನಲ್ಲಿ ಹತ್ತು ಸಾವಿರ ಜನರ ಬಾಯಿಯನ್ನು ಪರೀಕ್ಷಿಸಿ 1966ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಪಾಲುಗೊಂಡಿದ್ದರು; ಅದರ ವಿಷಯ ಮಾತ್ರ ಬಾಯಿಯ ಬಿಳಿ ಮಚ್ಚೆಗಳು.

ಹೆಸರು ತಿದ್ದಿದರೂ ನಿದಾನದ ತೊಡಕು ಮುಗಿಯಲಿಲ್ಲ. ಕ್ಷ-ಕಿರಣ ಚಿತ್ರದಲ್ಲಿ ಈ ಗಂತಿ ಹುಟ್ಟದ ಹಲ್ಲಿನ ಸುತ್ತಲ ನೀರುಗುಳ್ಳೆಯಂತೆಯೇ ತೋರುತ್ತದೆ. ನೀರುಗುಳ್ಳೆ ಹಲ್ಲಿನ ಕತ್ತಿಗೆ ಅಂಟಿಕೊಂಡಿರುತ್ತದೆ; ಗಂತಿಯ ನೆರಳಾದರೋ ಹಲವು ವೇಳೆ ಕತ್ತನ್ನು ದಾಟಿ ಬೇರಿನತ್ತ ಇಳಿಯುತ್ತದೆ. ಅದರೊಳಗೆ ಸುಣ್ಣದ ಸೂಕ್ಷ್ಮ ಕಣಗಳು ಚದುರಿದ್ದರೆ ಸಂಶಯ ಬಲಿಯುತ್ತದೆ. ಇಡೀ ದವಡೆಯ ಚಿತ್ರಕ್ಕಿಂತ ಬಾಯೊಳಗಿಟ್ಟು ತೆಗೆದ ಚಿಕ್ಕ ಚಿತ್ರದಲ್ಲಿ ಆ ಕಣಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೂ ಕೊನೆಯ ನಿರ್ಣಯ ಅಂಗಾಂಶ ಪರೀಕ್ಷೆಯದೇ.

ಅಲ್ಲಿಯೂ ಹಳೆಯ ಪ್ರಶ್ನೆ ಬೇರೊಂದು ದಾರಿಯಿಂದ ಮರಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದಲ್ಲಿ ‘ಅಡಿನಾಯ್ಡ್ ಅಮೆಲೊಬ್ಲಾಸ್ಟೋಮಾ’ ಎಂಬ ಹೊಸ ಗಂತಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಅದರಲ್ಲಿಯೂ ನಾಳಗಳನ್ನು ಹೋಲುವ ರಚನೆಗಳಿವೆ. ಆದರೆ ಅದು ಎಲುಬಿಗೆ ನುಗ್ಗುತ್ತದೆ, ಮರುಕಳಿಸುತ್ತದೆ. ಹೀಗಾಗಿ ಇಂತಹ ದುಂಡು ರಚನೆಗಳನ್ನು ಕಂಡ ರೋಗವಿಜ್ಞಾನಿ ವಯಸ್ಸು, ದವಡೆಯ ಜಾಗ, ಕವಚದ ಇರವು ಇವನ್ನೆಲ್ಲ ಕೇಳಿ ತಿಳಿಯದೆ ವರದಿಗೆ ಸಹಿ ಹಾಕುವಂತಿಲ್ಲ.