ಸ್ವಿಚ್ಚುಗಳಲ್ಲಿ ರೂಟಿಂಗ್ ದೋಷಶೋಧನೆ: ಬೆಳೆದು ಬಂದ ಬಗೆ

ಇಂಥ ವಿಳಾಸಗಳಿಗೆ ಹೋಗಬೇಕಾದ ಪ್ಯಾಕೆಟ್‌ಗಳನ್ನು ಇಂಥ ನೆರೆಯ ಸಾಧನಕ್ಕೆ ಒಪ್ಪಿಸು ಎಂದು ಎಂಜಿನಿಯರ್ ಕೈಯಾರೆ ಸ್ವಿಚ್‌ಗೆ ಬರೆದುಕೊಡುವ ಆದೇಶವೇ ಸ್ಟ್ಯಾಟಿಕ್ ರೂಟ್. ಆ ನೆರೆಯ ಸಾಧನಕ್ಕೆ ನೆಕ್ಸ್ಟ್ ಹಾಪ್ ಎಂದು ಹೆಸರು. ಬರೆದ ಆದೇಶವನ್ನು ಯಾರಾದರೂ ಅಳಿಸುವವರೆಗೆ ಸ್ವಿಚ್ ಅದನ್ನು ಪಾಲಿಸುತ್ತಲೇ ಇರುತ್ತದೆ. ಆಚೆ ಬದಿಯ ಜಾಲ ಬದಲಾದರೂ, ನಡುವಿನ ಕೇಬಲ್ ತುಂಡಾದರೂ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಕಾಗದದ ಮೇಲಿನ ದಾರಿಗೂ ಪ್ಯಾಕೆಟ್ ನಿಜವಾಗಿ ಹಿಡಿಯುವ ದಾರಿಗೂ ನಡುವಿನ ಅಂತರವನ್ನು ಪತ್ತೆಹಚ್ಚುವುದೇ ರೂಟಿಂಗ್ ದೋಷಶೋಧನೆಯ ಮುಖ್ಯ ಕೆಲಸ. ಈ ವಿದ್ಯೆ ನಾಲ್ಕು ದಶಕಗಳಲ್ಲಿ ಬೆಳೆದದ್ದು ಆ ಅಂತರವನ್ನು ಹೆಚ್ಚು ಹೆಚ್ಚು ಬೇಗ ಕಾಣುವ ಪ್ರಯತ್ನವಾಗಿ.

ಒಂದೇ ಸಂಸ್ಥೆ ಎರಡು ಊರುಗಳಲ್ಲಿ ಹರಡಿಕೊಂಡಾಗ ದಾರಿಯ ಈ ಪ್ರಶ್ನೆ ತೀವ್ರವಾಗುತ್ತದೆ. ಮಹಾರಾಷ್ಟ್ರದಲ್ಲಿ ಸುಮಾರು 10 ಕಿಲೋಮೀಟರ್ ಅಂತರದ ಸಾಂಗ್ಲಿ ಮತ್ತು ಮಿರಜ ಅಂಥ ಜೋಡಿ ಊರುಗಳು. ಸಾಂಗ್ಲಿ–ಮಿರಜ–ಕುಪವಾಡ ಮಹಾನಗರಪಾಲಿಕೆ 1998ರಿಂದ ಈ ಊರುಗಳನ್ನು ಒಂದೇ ಆಡಳಿತದಡಿ ನಡೆಸುತ್ತಿದೆ. ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಎರಡೂ ಊರುಗಳಲ್ಲಿ ಆಸ್ಪತ್ರೆಗಳಿವೆ. ಇಂಥ ಕಡೆ ಒಂದು ಊರಿನ ಗಣಕ ಇನ್ನೊಂದು ಊರಿನ ಸರ್ವರ್ ತಲುಪಬೇಕಾದರೆ ಎರಡೂ ಬದಿಯ ಜಾಲದ ಕೇಂದ್ರದಲ್ಲಿರುವ ಕೋರ್ ಸ್ವಿಚ್‌ಗಳಲ್ಲಿ ದಾರಿ ಬರೆದಿರಬೇಕು.

ಆರಂಭದ ಜಾಲಗಳು

ಕೈಯಾರೆ ಬರೆಯುವ ದಾರಿಯೇ ಮೊದಲು ಬಂದಿತು, ತಾನಾಗಿ ಕಲಿಯುವ ದಾರಿ ಆಮೇಲೆ ಬಂದಿತು ಎಂಬ ಎಣಿಕೆ ಪೂರ್ತಿ ಸರಿಯಲ್ಲ. 1969ರಲ್ಲಿ ಅಮೆರಿಕದಲ್ಲಿ ಶುರುವಾದ ಅರ್ಪಾನೆಟ್‌ನ ಸ್ವಿಚಿಂಗ್ ಗಣಕಗಳು ನೆರೆಯವುಗಳೊಡನೆ ಪಟ್ಟಿ ವಿನಿಮಯ ಮಾಡಿಕೊಂಡು ದಾರಿಯನ್ನು ತಾವೇ ಲೆಕ್ಕ ಹಾಕುತ್ತಿದ್ದವು. ಆ ಪದ್ಧತಿಯಲ್ಲಿ ಒಂದು ಸಾಧನದ ತಪ್ಪು ಮಾಹಿತಿ ಎಲ್ಲೆಡೆ ಹರಡುತ್ತಿತ್ತು. 1979ರಲ್ಲಿ ಪ್ರತಿ ಗಣಕವೂ ಇಡೀ ಜಾಲದ ನಕ್ಷೆ ಇಟ್ಟುಕೊಳ್ಳುವ ಹೊಸ ವಿಧಾನ ಬಂದಿತು. ಆದರೂ 1980ರ ಅಕ್ಟೋಬರ್ 27ರಂದು ಕೆಟ್ಟುಹೋದ ಕೆಲವು ರೂಟಿಂಗ್ ಸಂದೇಶಗಳು ಎಡೆಬಿಡದೆ ಸುತ್ತುತ್ತ ಇಡೀ ಅರ್ಪಾನೆಟ್ಟನ್ನು ಹಲವು ಗಂಟೆ ನಿಲ್ಲಿಸಿದವು. ತಾನಾಗಿ ಕಲಿಯುವ ಜಾಲ ತಪ್ಪನ್ನೂ ತಾನಾಗಿಯೇ ಹರಡಬಲ್ಲದು ಎಂದು ಆ ದಿನ ಸ್ಪಷ್ಟವಾಯಿತು. ಸಣ್ಣ ಜಾಲಗಳು ಇಂದಿಗೂ ಸ್ಟ್ಯಾಟಿಕ್ ರೂಟ್ ಬಿಟ್ಟುಕೊಡದಿರುವುದಕ್ಕೆ ಇದೂ ಒಂದು ಕಾರಣ: ಅದರ ತಪ್ಪು ಬರೆದ ಜಾಗದಲ್ಲೇ ಇರುತ್ತದೆ.

ಭಾರತದಲ್ಲಿ ವಿದ್ಯುನ್ಮಾನ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಶಿಕ್ಷಣ–ಸಂಶೋಧನಾ ಜಾಲವಾದ ಅರ್ನೆಟ್ ಯೋಜನೆ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ಎನ್‌ಸಿಎಸ್‌ಟಿ ಮತ್ತು ಐದು ಐಐಟಿಗಳು ಅದರಲ್ಲಿದ್ದವು. ಮೊದಲ ಹಂತದ ಮಿಂಚಂಚೆ ಯುಯುಸಿಪಿ ಎಂಬ ಡಯಲಪ್ ಪದ್ಧತಿಯಲ್ಲಿ ಓಡುತ್ತಿತ್ತು. ಆ ಪದ್ಧತಿಯ ವಿಳಾಸದಲ್ಲಿ ಪತ್ರ ಯಾವ ಯಾವ ಗಣಕದ ಮೂಲಕ ಹೋಗಬೇಕೆಂಬುದನ್ನು ಕಳುಹಿಸುವವರೇ ಸಾಲಾಗಿ ಬರೆಯಬೇಕಾಗಿತ್ತು. ನಡುವಿನ ಒಂದು ಹೆಸರು ತಪ್ಪಿದರೂ ಪತ್ರ ದಾರಿ ತಪ್ಪುತ್ತಿತ್ತು.

ಇದೇ ಕಾಲದಲ್ಲಿ ಮಿರಜ ಜಂಕ್ಷನ್‌ನಲ್ಲಿ ಮೂರು ಬಗೆಯ ರೈಲು ಹಳಿಗಳು ಸೇರುತ್ತಿದ್ದವು: ಪುಣೆಯ ಕಡೆಗೆ ಬ್ರಾಡ್‌ಗೇಜ್, ಲೋಂಡಾ ಕಡೆಗೆ ಮೀಟರ್‌ಗೇಜ್, ಪಂಢರಪುರ–ಲಾತೂರು ಕಡೆಗೆ ನ್ಯಾರೋಗೇಜ್. ಗೇಜ್ ಬದಲಾದಲ್ಲಿ ಪ್ರಯಾಣಿಕರು ಗಾಡಿ ಬದಲಿಸಬೇಕು, ಸರಕನ್ನು ಇಳಿಸಿ ಮತ್ತೆ ಹೇರಬೇಕು. ಐಪಿ ಬರುವ ಮೊದಲು ಗಣಕ ಜಾಲಗಳ ಸ್ಥಿತಿಯೂ ಹೀಗೇ ಇತ್ತು: ಒಂದರ ಪ್ಯಾಕೆಟ್ ಇನ್ನೊಂದರ ಮೇಲೆ ನೇರವಾಗಿ ಸಾಗುತ್ತಿರಲಿಲ್ಲ. 1981ರಲ್ಲಿ ಪ್ರಕಟವಾಗಿ 1983ರ ಜನವರಿ 1ರಂದು ಅರ್ಪಾನೆಟ್‌ನಲ್ಲಿ ಜಾರಿಗೆ ಬಂದ ಐಪಿ (ಇಂಟರ್ನೆಟ್ ಪ್ರೊಟೊಕಾಲ್) ಎಂಬ ಸಂವಹನ ನಿಯಮ ಈ ತೊಡಕನ್ನು ಬಿಡಿಸಿತು. ಲೈನು ಯಾವುದೇ ಇರಲಿ, ಒಂದೇ ರೂಪದ ಪ್ಯಾಕೆಟ್ ಎಲ್ಲದರ ಮೇಲೂ ಸಾಗತೊಡಗಿತು. ಅಲ್ಲಿಂದ ಮುಂದೆ ಉಳಿದ ಪ್ರಶ್ನೆ ದಾರಿಯದು ಮಾತ್ರ.

ನೋಡುವ ಉಪಕರಣಗಳು

ದಾರಿ ಕೆಟ್ಟಿದೆ ಎಂದು ತಿಳಿಯುವ ಸರಳ ಸಾಧನವೊಂದನ್ನು ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದರು. ಅದೇ ಪಿಂಗ್. ಆಚೆ ಬದಿಗೆ ಒಂದು ಕರೆ ಕಳುಹಿಸಿ ಮರುದನಿ ಬಂತೇ ಎಂದು ಅದು ನೋಡುತ್ತದೆ. ಬಾರದಿದ್ದರೆ ಪ್ಯಾಕೆಟ್ ಎಲ್ಲಿ ನಿಂತಿತು ಎಂದು ಹೇಳಲು ಅದಕ್ಕಾಗದು. ಆ ಕೊರತೆಯನ್ನು ವ್ಯಾನ್ ಜೇಕಬ್ಸನ್ 1980ರ ದಶಕದ ಕೊನೆಯಲ್ಲಿ ಬರೆದ ಟ್ರೇಸ್‌ರೂಟ್ ತುಂಬಿತು. ಪ್ರತಿ ಐಪಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಎಂಬ ಆಯುಷ್ಯದ ಅಂಕಿ ಇರುತ್ತದೆ. ಪ್ಯಾಕೆಟ್ಟನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದಾಗ ಪ್ಯಾಕೆಟ್ ಎಸೆದು ಕಳುಹಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಟ್ರೇಸ್‌ರೂಟ್ ಮೊದಲು 1, ಆಮೇಲೆ 2, 3 ಎಂದು ಆಯುಷ್ಯ ಕೊಡುತ್ತ ಹೋಗಿ ದಾರಿಯ ಪ್ರತಿ ನಿಲ್ದಾಣದ ಹೆಸರನ್ನೂ ಹೊರಗೆಳೆಯುತ್ತದೆ. ಈ ಎರಡು ಉಪಕರಣಗಳಿಲ್ಲದೆ ಇಂದಿಗೂ ಯಾವ ಜಾಲ ಎಂಜಿನಿಯರ್‌ನ ದಿನವೂ ಸಾಗುವುದಿಲ್ಲ.

ಅದೇ ಅವಧಿಯಲ್ಲಿ, ಸಾಧನಗಳು ದಾರಿಯನ್ನು ತಾವಾಗಿ ಕಲಿಯುವ ಡೈನಾಮಿಕ್ ರೂಟಿಂಗ್‌ಗೆ ಪ್ರಮಾಣಿತ ರೂಪ ಸಿಕ್ಕಿತು. 1988ರಲ್ಲಿ ರಿಪ್, 1989ರಲ್ಲಿ ಒಎಸ್‌ಪಿಎಫ್ ಮತ್ತು ಬಿಜಿಪಿ ಎಂಬ ಪದ್ಧತಿಗಳು ಪ್ರಕಟವಾದವು. 1993ರ ಸಿಐಡಿಆರ್ ಪದ್ಧತಿಯಿಂದ ವಿಳಾಸಗಳ ಗುಂಪನ್ನು ಯಾವ ಗಾತ್ರದಲ್ಲಾದರೂ ಕತ್ತರಿಸಬಹುದಾಯಿತು. ಜತೆಗೆ ಇಂದಿಗೂ ಹಲವರನ್ನು ಎಡವಿಸುವ ನಿಯಮವೊಂದು ಮುನ್ನೆಲೆಗೆ ಬಂದಿತು: ಎರಡು ರೂಟ್‌ಗಳು ಒಂದೇ ವಿಳಾಸಕ್ಕೆ ಹೊಂದಿದರೆ ಹೆಚ್ಚು ನಿಖರವಾದದ್ದೇ, ಅಂದರೆ ಚಿಕ್ಕ ಗುಂಪಿನದೇ ಗೆಲ್ಲುತ್ತದೆ. ಒಂದೇ ಗಾತ್ರದವು ಎರಡು ಮೂಲಗಳಿಂದ ಬಂದಾಗ ಮಾತ್ರ ಮೂಲದ ದರ್ಜೆ ಲೆಕ್ಕಕ್ಕೆ ಬರುತ್ತದೆ. ಸಿಸ್ಕೊ ಸಾಧನಗಳಲ್ಲಿ ಸ್ಟ್ಯಾಟಿಕ್ ರೂಟ್‌ನ ದರ್ಜೆ 1, ಒಎಸ್‌ಪಿಎಫ್‌ನದು 110, ರಿಪ್‌ನದು 120. ಅಂಕಿ ಚಿಕ್ಕದಾದಷ್ಟೂ ನಂಬಿಕೆ ಹೆಚ್ಚು. ಎಂದೋ ಬರೆದು ಮರೆತ ಒಂದು ನಿಖರ ಸ್ಟ್ಯಾಟಿಕ್ ರೂಟ್ ಒಎಸ್‌ಪಿಎಫ್ ಕಲಿತ ಸರಿಯಾದ ದಾರಿಯನ್ನು ಸದ್ದಿಲ್ಲದೆ ಬದಿಗೊತ್ತುವುದು ಹೀಗೆ.

ಸ್ವಿಚ್ ರೂಟರ್ ಆದಾಗ

1990ರಲ್ಲಿ ಕಲ್ಪನಾ ಎಂಬ ಅಮೆರಿಕದ ಕಂಪನಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಆ ಸ್ವಿಚ್‌ಗೆ ಐಪಿ ದಾರಿ ಬೇಕಿರಲಿಲ್ಲ. ಒಂದೇ ಜಾಲದೊಳಗೆ ಫ್ರೇಮ್ ಸಾಗಿಸುವುದಷ್ಟೇ ಅದರ ಕೆಲಸ. 1990ರ ದಶಕದ ನಡುವಿನಿಂದ ರೂಟಿಂಗ್ ಕೆಲಸವನ್ನೂ ಚಿಪ್‌ನಲ್ಲೇ ಮಾಡುವ ಲೇಯರ್ 3 ಸ್ವಿಚ್‌ಗಳು ಬಂದವು. 1998ರಲ್ಲಿ, ಒಂದೇ ಸ್ವಿಚ್ಚಿನೊಳಗೆ ಹಲವು ಪ್ರತ್ಯೇಕ ಜಾಲಗಳನ್ನು ಮಾಡುವ ವಿಎಲ್ಯಾನ್ ಟ್ಯಾಗಿಂಗ್‌ಗೆ ಪ್ರಮಾಣಿತ ನಿಯಮ ಸಿದ್ಧವಾಯಿತು. ಕಾಲೇಜು, ಆಸ್ಪತ್ರೆ, ಬ್ಯಾಂಕುಗಳ ಕೋರ್ ಸ್ಥಾನದಲ್ಲಿದ್ದ ರೂಟರನ್ನು ಸ್ವಿಚ್ ಕೆಳಗಿಳಿಸಿತು.

ಇದರೊಂದಿಗೆ ಹೊಸ ಬಗೆಯ ದೋಷಗಳೂ ಬಂದವು. ಮೊದಲನೆಯದು ಅತಿ ಸಾಮಾನ್ಯ. ಹಲವು ಸ್ವಿಚ್‌ಗಳಲ್ಲಿ ಐಪಿ ರೂಟಿಂಗ್ ಸೌಲಭ್ಯ ಆರಂಭದಲ್ಲಿ ಆಫ್ ಆಗಿರುತ್ತದೆ. ಆಗ ಬರೆದ ಸ್ಟ್ಯಾಟಿಕ್ ರೂಟ್ ಕಾನ್ಫಿಗ್‌ನಲ್ಲಿ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ರೂಟಿಂಗ್ ಆನ್ ಮಾಡಿದ ಕ್ಷಣದಿಂದ ಇದಕ್ಕೆ ತದ್ವಿರುದ್ಧ ಸಮಸ್ಯೆ: ಸ್ವಿಚ್‌ನ ನಿರ್ವಹಣೆಗೆಂದು ಬರೆದ ಹಳೆಯ ಡೀಫಾಲ್ಟ್ ಗೇಟ್‌ವೇ ನಿಷ್ಕ್ರಿಯವಾಗುತ್ತದೆ, ಅದರ ಬದಲು, ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್‌ಗಳಿಗೆಲ್ಲ ಅನ್ವಯಿಸುವ ಡೀಫಾಲ್ಟ್ ರೂಟ್ ಬರೆಯದಿದ್ದರೆ ಸ್ವಿಚ್ ದೂರದಿಂದ ಕೈಗೆ ಸಿಗುವುದಿಲ್ಲ.

ಎರಡನೆಯದು ವಿಎಲ್ಯಾನ್ ಇಂಟರ್‌ಫೇಸ್‌ನ ಸ್ವಭಾವ. ಆ ವಿಎಲ್ಯಾನ್‌ನ ಒಂದು ಪೋರ್ಟ್ ಜೀವಂತವಾಗಿದ್ದರೂ ಇಂಟರ್‌ಫೇಸ್ ಅಪ್ ಆಗಿಯೇ ಇರುತ್ತದೆ. ಹೊರಗಿನ ಲೈನ್ ಬಿದ್ದುಹೋಗಿದ್ದರೂ ನೆಕ್ಸ್ಟ್ ಹಾಪ್ ಇದೆ ಎಂದೇ ಸ್ವಿಚ್ ತಿಳಿಯುತ್ತದೆ. ಫೈಬರ್ ಮತ್ತು ತಾಮ್ರದ ನಡುವೆ ಕೂರಿಸುವ ಅಗ್ಗದ ಮೀಡಿಯಾ ಕನ್ವರ್ಟರ್ ಕೂಡ ಹೀಗೇ ಮೋಸಗೊಳಿಸುತ್ತದೆ: ಫೈಬರ್ ತುಂಡಾದರೂ ತಾಮ್ರದ ಬದಿಯ ಹಸಿರು ದೀಪ ಉರಿಯುತ್ತಲೇ ಇರುತ್ತದೆ.

ಮೂರನೆಯದು ಚಿಪ್‌ನ ಮಿತಿ. ದಾರಿಗಳನ್ನು ಇಡುವ ಟಿಕ್ಯಾಮ್ ಎಂಬ ಸ್ಮೃತಿಗೆ ಜಾಗ ಕಡಿಮೆ. 2014ರ ಆಗಸ್ಟ್ 12ರಂದು ಅಂತರಜಾಲದ ಒಟ್ಟು ರೂಟ್‌ಗಳು 5,12,000 ದಾಟಿದಾಗ ಹಳೆಯ ಸಾಧನಗಳು ಹಲವೆಡೆ ಎಡವಿದವು. ಕಚೇರಿಯ ಸಣ್ಣ ಸ್ವಿಚ್‌ಗಳಲ್ಲಿ ಮಿತಿ ಇದಕ್ಕಿಂತ ಬಹಳ ಕೆಳಗಿರುತ್ತದೆ. ಹಾಗಾಗಿ ರೂಟಿಂಗ್ ಪಟ್ಟಿಯಲ್ಲಿ ಕಂಡ ದಾರಿ ಚಿಪ್‌ನಲ್ಲೂ ಇಳಿದಿದೆಯೇ ಎಂದು ಬೇರೆಯಾಗಿ ನೋಡುವ ಅಭ್ಯಾಸ ಬೆಳೆಯಿತು.

ಎರಡು ಊರುಗಳ ಒಂದು ಉದಾಹರಣೆ

ವಿಧಾನವನ್ನು ಹತ್ತಿರದಿಂದ ನೋಡಲು ಸಾಂಗ್ಲಿ ಮತ್ತು ಮಿರಜದಲ್ಲಿ ಕಚೇರಿಯಿರುವ ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳಬಹುದು. ಸಾಂಗ್ಲಿಯ ಜಾಲ 10.20.0.0/16, ಮಿರಜದ್ದು 10.40.0.0/16 (ಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ವಿಳಾಸಗಳ ಗುಂಪು ಚಿಕ್ಕದು). ನಡುವಿನ ಲೈನಿಗೆ ಸಾಂಗ್ಲಿ ಬದಿ 172.16.1.1, ಮಿರಜ ಬದಿ 172.16.1.2. ಮಿರಜದ ಸ್ವಿಚ್‌ನಲ್ಲಿ ಎಲ್ಲವನ್ನೂ ಸಾಂಗ್ಲಿಗೆ ಕಳುಹಿಸುವ ಡೀಫಾಲ್ಟ್ ರೂಟ್ ಇದೆ. ಸಾಂಗ್ಲಿಯಲ್ಲಿ 10.40.0.0/16ಕ್ಕೆ ಮಿರಜದ ದಾರಿಯಿದೆ. ಉಳಿದದ್ದೆಲ್ಲ ಫೈರ್‌ವಾಲ್ ಮೂಲಕ ಅಂತರಜಾಲಕ್ಕೆ.

ಮಿರಜದಲ್ಲಿ ಹೊಸ ವಿಭಾಗವೊಂದಕ್ಕೆ 10.41.8.0/24 ಕೊಟ್ಟರೆನ್ನೋಣ. ಅಲ್ಲಿನ ಗಣಕಗಳಿಗೆ ಸಾಂಗ್ಲಿಯ ಸರ್ವರ್ ಸಿಗುವುದಿಲ್ಲ. ಎಂಜಿನಿಯರ್ ಮಿರಜದ ಸ್ವಿಚ್‌ನಿಂದ ಸರ್ವರ್‌ಗೆ ಪಿಂಗ್ ಮಾಡಿದರೆ ಉತ್ತರ ತಪ್ಪದೆ ಬರುತ್ತದೆ. ಲಿಂಕ್ ಅಪ್ ಇದೆ, ಪಿಂಗ್ ಆಗುತ್ತಿದೆ, ದೋಷ ಗಣಕದ್ದೇ ಎಂಬ ತೀರ್ಮಾನಕ್ಕೆ ಬರುವುದು ಸುಲಭ, ಅದು ತಪ್ಪು. ಸ್ವಿಚ್ ಕಳುಹಿಸಿದ ಪಿಂಗ್‌ನ ಮೂಲ ವಿಳಾಸ 172.16.1.2; ಅದು ಸಾಂಗ್ಲಿಯ ಸ್ವಿಚ್‌ಗೆ ನೇರವಾಗಿ ಅಂಟಿಕೊಂಡ ಜಾಲ. ಹೊಸ ವಿಭಾಗದ ಪ್ಯಾಕೆಟ್ ಕೂಡ ಸರ್ವರ್ ತಲುಪುತ್ತದೆ. ಆದರೆ ಉತ್ತರ ಮರಳುವಾಗ ಸಾಂಗ್ಲಿಯ ಸ್ವಿಚ್‌ಗೆ 10.41.8.0 ಗೊತ್ತಿಲ್ಲ, ಡೀಫಾಲ್ಟ್ ದಾರಿ ಹಿಡಿದು ಫೈರ್‌ವಾಲ್‌ನತ್ತ ಹೋಗಿ ಸಾಯುತ್ತದೆ. ಪಿಂಗ್‌ಗೆ ಮೂಲ ವಿಳಾಸವಾಗಿ ಹೊಸ ವಿಎಲ್ಯಾನ್‌ನ ವಿಳಾಸವನ್ನೇ ಕೊಟ್ಟಿದ್ದರೆ ದೋಷ ನಿಮಿಷದಲ್ಲಿ ಹೊರಬೀಳುತ್ತಿತ್ತು. ಹೋಗುವ ದಾರಿಯಷ್ಟೇ ಎಚ್ಚರದಿಂದ ಮರಳುವ ದಾರಿಯನ್ನೂ ನೋಡಬೇಕೆಂಬುದು ಈ ಕ್ಷೇತ್ರದ ಅತ್ಯಂತ ಹಳೆಯ, ಹೆಚ್ಚಾಗಿ ಮರೆತುಹೋಗುವ ಪಾಠ.

ಇದೇ ವ್ಯವಸ್ಥೆಯಲ್ಲಿ ಸುತ್ತುದಾರಿಯೂ ಅಡಗಿದೆ. ಮಿರಜದಲ್ಲಿ ಬಳಕೆಯಲ್ಲಿಲ್ಲದ 10.40.200.5ಕ್ಕೆ ಸಾಂಗ್ಲಿಯಿಂದ ಪ್ಯಾಕೆಟ್ ಹೊರಟರೆ ಅದು ಮಿರಜ ತಲುಪುತ್ತದೆ. ಅಲ್ಲಿ ಆ ಜಾಲ ಇಲ್ಲದ್ದರಿಂದ ಡೀಫಾಲ್ಟ್ ರೂಟ್ ಅದನ್ನು ಸಾಂಗ್ಲಿಗೇ ಮರಳಿಸುತ್ತದೆ. ಟಿಟಿಎಲ್ 64 ಇದ್ದರೆ ಒಂದು ಪ್ಯಾಕೆಟ್ ಅರವತ್ತಕ್ಕೂ ಹೆಚ್ಚು ಬಾರಿ ಅದೇ ಲೈನಿನ ಮೇಲೆ ಓಡಾಡುತ್ತದೆ. ಟ್ರೇಸ್‌ರೂಟ್‌ನಲ್ಲಿ ಎರಡೇ ವಿಳಾಸಗಳು ಸರದಿಯಂತೆ ಕಾಣುವುದು ಇದರ ಗುರುತು. 2003ರ ಜನವರಿಯಲ್ಲಿ ಹರಡಿದ ಸ್ಲ್ಯಾಮರ್ ವರ್ಮ್‌ನಂತೆ ಸಿಕ್ಕಸಿಕ್ಕ ವಿಳಾಸಗಳನ್ನು ತಡಕುವ ತಂತ್ರಾಂಶ ಒಳಹೊಕ್ಕರೆ ಈ ಸುತ್ತಾಟವೇ ಲೈನನ್ನು ತುಂಬಿಬಿಡುತ್ತದೆ. ಪರಿಹಾರ ಸರಳ: ಮಿರಜದ ಸ್ವಿಚ್‌ನಲ್ಲಿ 10.40.0.0/16ಕ್ಕೆ ಎಸೆದುಬಿಡು ಎಂಬ ನಲ್ ರೂಟ್ ಬರೆಯುವುದು. ಬಳಕೆಯಲ್ಲಿರುವ ಸಣ್ಣ ಜಾಲಗಳ ನಿಖರ ದಾರಿ ಅದನ್ನು ಮೀರುವುದರಿಂದ ಕೆಲಸಕ್ಕೆ ಧಕ್ಕೆಯಿಲ್ಲ.

ದಾರಿಯನ್ನು ಪರೀಕ್ಷಿಸುವ ಹಂತ

2005, 2019 ಮತ್ತು 2021ರ ಮಳೆಗಾಲದಲ್ಲಿ ಕೃಷ್ಣೆಯ ನೆರೆ ಸಾಂಗ್ಲಿಯ ತಗ್ಗು ಬಡಾವಣೆಗಳಿಗೆ ನುಗ್ಗಿತು. ಇಂಥ ಕಡೆ ಒಂದೇ ಲೈನಿನ ಮೇಲೆ ಭರವಸೆಯಿಡುವುದು ಸಲ್ಲದು. ಎರಡನೆಯ ಲೈನಿಗೆ ಫ್ಲೋಟಿಂಗ್ ಸ್ಟ್ಯಾಟಿಕ್ ರೂಟ್ ಬರೆಯುವುದು ರೂಢಿ: ದರ್ಜೆಯ ಅಂಕಿಯನ್ನು 200ರಂತೆ ದೊಡ್ಡದಾಗಿ ಕೊಟ್ಟರೆ ಮೊದಲ ದಾರಿ ಪಟ್ಟಿಯಿಂದ ಹೋದಾಗ ಮಾತ್ರ ಅದು ಮೇಲೆ ಬರುತ್ತದೆ. ತೊಡಕೆಂದರೆ ಮೇಲೆ ಹೇಳಿದಂತೆ ಲೈನ್ ಸತ್ತರೂ ಮೊದಲ ದಾರಿ ಪಟ್ಟಿಯಿಂದ ಹೋಗದಿರಬಹುದು.

ಅದಕ್ಕಾಗಿ ಬಂದದ್ದು ಟ್ರ್ಯಾಕಿಂಗ್. ಸ್ವಿಚ್ ತಾನೇ ಕೆಲವು ಸೆಕೆಂಡಿಗೊಮ್ಮೆ ದೂರದ ವಿಳಾಸವೊಂದಕ್ಕೆ ಪಿಂಗ್ ಮಾಡುತ್ತದೆ, ಉತ್ತರ ನಿಂತರೆ ರೂಟನ್ನು ತೆಗೆದುಹಾಕುತ್ತದೆ. ಇಲ್ಲೂ ಒಂದು ಗುಂಡಿಯಿದೆ. ಮೊದಲ ದಾರಿ ಹೋದ ಮೇಲೆ ಆ ಪಿಂಗ್ ಎರಡನೆಯ ಲೈನಿನಿಂದ ಉತ್ತರ ಪಡೆಯುತ್ತದೆ. ಎಲ್ಲ ಸರಿಯಾಯಿತೆಂದು ಸ್ವಿಚ್ ಕೆಟ್ಟ ದಾರಿಯನ್ನೇ ಮರಳಿ ತರುತ್ತದೆ, ಮತ್ತೆ ತೆಗೆಯುತ್ತದೆ. ಪರೀಕ್ಷೆಯ ವಿಳಾಸಕ್ಕೆ ಮೊದಲ ಲೈನಿನಿಂದಲೇ ಹೋಗುವ ಪ್ರತ್ಯೇಕ ರೂಟ್ ಬರೆದು ಇದನ್ನು ತಡೆಯಬೇಕು. 2010ರಲ್ಲಿ ಪ್ರಮಾಣಿತವಾದ ಬಿಎಫ್‌ಡಿ ಎರಡು ಸಾಧನಗಳ ನಡುವಿನ ದಾರಿ ಸತ್ತದ್ದನ್ನು ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಹೇಳಬಲ್ಲದು, ಆದರೆ ಎರಡೂ ಬದಿಯಲ್ಲಿ ಅದು ಇರಬೇಕು. ಕಾನ್ಫಿಗ್ ಎಷ್ಟು ಚೆನ್ನಾಗಿದ್ದರೂ ಎರಡು ಕಂಪನಿಗಳ ಫೈಬರ್ ಒಂದೇ ರಸ್ತೆಯ ಒಂದೇ ಚರಂಡಿ ಬದಿಯಲ್ಲಿ ಹಾಯ್ದಿದ್ದರೆ ನೆರೆಯ ಮುಂದೆ ಅವು ಒಂದೇ ಲೈನ್. ಅದನ್ನು ತಿಳಿಯಲು ರಸ್ತೆಗಿಳಿದು ನೋಡುವುದೊಂದೇ ದಾರಿ.

ಎರಡು ಲೈನುಗಳು ಒಟ್ಟಿಗೆ ಬಳಕೆಗೆ ಬಂದಾಗ ಮತ್ತೊಂದು ದೋಷ ತಲೆಯೆತ್ತುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಜ್ಞಾನ ಜಾಲದ ಲೈನೂ ಖಾಸಗಿ ಬ್ರಾಡ್‌ಬ್ಯಾಂಡೂ ಇರುವ ವಿದ್ಯಾಸಂಸ್ಥೆಗಳಲ್ಲಿ ಪ್ಯಾಕೆಟ್ ಒಂದು ಲೈನಿನಿಂದ ಹೋಗಿ ಉತ್ತರ ಇನ್ನೊಂದರಿಂದ ಬರುವ ಸಂಭವವಿದೆ. ಸಂಪರ್ಕದ ಆರಂಭವನ್ನು ನೋಡದ ಫೈರ್‌ವಾಲ್ ನಡುವೆ ಬಂದ ಉತ್ತರವನ್ನು ಎಸೆಯುತ್ತದೆ.

ಬರೆಯುವ ಮೊದಲೇ ಪರಿಶೀಲನೆ

ಕಳೆದ ಒಂದೂವರೆ ದಶಕದ ಒಲವು ದೋಷವನ್ನು ಆಗುವ ಮೊದಲೇ ಹಿಡಿಯುವತ್ತ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಓಪನ್‌ಫ್ಲೋ ದಾರಿ ನಿರ್ಧರಿಸುವ ಬುದ್ಧಿಯನ್ನು ಸ್ವಿಚ್‌ನಿಂದ ಹೊರಗೆ, ಒಂದು ಕೇಂದ್ರ ತಂತ್ರಾಂಶಕ್ಕೆ ತಂದಿತು; ಹಾಗಾಗಿ ಇಡೀ ಜಾಲದ ದಾರಿಗಳನ್ನು ಒಂದೇ ಕಡೆ ನೋಡುವಂತಾಯಿತು. 2012ರ ಹೆಡರ್ ಸ್ಪೇಸ್ ವಿಶ್ಲೇಷಣೆ ಮತ್ತು 2015ರ ಬ್ಯಾಟ್‌ಫಿಶ್ ತಂತ್ರಾಂಶ ಗಣಿತದ ನೆರವಿನಿಂದ, ಒಂದೂ ಪ್ಯಾಕೆಟ್ ಕಳುಹಿಸದೆ, ಈ ಜಾಲದಿಂದ ಆ ಸರ್ವರ್ ತಲುಪಬಹುದೇ, ಎಲ್ಲಾದರೂ ಸುತ್ತುದಾರಿ ಇದೆಯೇ ಎಂದು ಹೇಳುತ್ತವೆ. ಬ್ಯಾಟ್‌ಫಿಶ್‌ಗೆ ಬೇಕಾದದ್ದು ಸಾಧನಗಳ ಕಾನ್ಫಿಗ್ ಕಡತಗಳಷ್ಟೇ. ಅದು ಮುಕ್ತ ತಂತ್ರಾಂಶವಾದ್ದರಿಂದ ಸಣ್ಣ ಊರಿನ ಕಾಲೇಜಿಗೂ ಎಟುಕುತ್ತದೆ. ಮೇಲಿನ 10.41.8.0ರ ದೋಷವನ್ನು ಇಂಥ ಸಾಧನ ಹೊಸ ವಿಭಾಗ ಕೆಲಸ ಆರಂಭಿಸುವ ಮೊದಲೇ ತೋರಿಸಬಲ್ಲದು.

ಆದರೂ ದೋಷಶೋಧನೆಯ ಕ್ರಮ ಹೆಚ್ಚು ಬದಲಾಗಿಲ್ಲ. ಮೊದಲು ರೂಟ್ ಕಾನ್ಫಿಗ್‌ನಲ್ಲಿದೆಯೇ ಎಂದು ನೋಡಬೇಕು. ಆಮೇಲೆ ರೂಟಿಂಗ್ ಪಟ್ಟಿಯಲ್ಲಿ ನಿಖರ ವಿಳಾಸವನ್ನೇ ಕೇಳಿ ಯಾವ ದಾರಿ ಗೆದ್ದಿದೆ ಎಂದು ತಿಳಿಯಬೇಕು. ನೆಕ್ಸ್ಟ್ ಹಾಪ್‌ನ ಐಪಿ ವಿಳಾಸವನ್ನು ಯಂತ್ರಾಂಶದ ವಿಳಾಸಕ್ಕೆ ಜೋಡಿಸುವ ಎಆರ್‌ಪಿ ನಮೂದು ಇದೆಯೇ, ದಾರಿ ಚಿಪ್‌ಗೆ ಇಳಿದಿದೆಯೇ ಎಂಬುದು ಮೂರನೆಯ ಹೆಜ್ಜೆ. ನಾಲ್ಕನೆಯದಾಗಿ ಆಚೆ ಬದಿಯಲ್ಲಿ ಕುಳಿತು ಮರಳುವ ದಾರಿಗೆ ಇದೇ ಮೂರು ಪ್ರಶ್ನೆ ಕೇಳಬೇಕು. ಪ್ರತಿ ಸ್ಟ್ಯಾಟಿಕ್ ರೂಟ್‌ನ ಪಕ್ಕದಲ್ಲಿ ಅದನ್ನು ಯಾಕೆ, ಯಾವಾಗ ಬರೆಯಲಾಯಿತೆಂಬ ಟಿಪ್ಪಣಿ ಇಟ್ಟರೆ ಈ ಕೆಲಸ ಇನ್ನಷ್ಟು ಹಗುರವಾಗುತ್ತದೆ. ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಆ ದಾರಿ ಉಳಿಯುತ್ತದೆ, ಮುಂದೆ ಬಂದವರು ಅದನ್ನು ಅಳಿಸಬಹುದೇ ಬೇಡವೇ ಎಂದು ಧೈರ್ಯವಾಗಿ ನಿರ್ಧರಿಸಲು ಆ ಒಂದು ಸಾಲೇ ಆಧಾರ.